ಬೆಂಚಿನ ಮೇಲೆ ದಾನಿ ಹೆಸರು ಬೇಕಾ, ಬೇಡ್ವಾ? ಗುಪ್ತವಾಗಿ ಕೊಡೋದನ್ನ ಸಭೆಯಲ್ಲಿ ನಡೆಸೋದು ಹೇಗೆ?

ಹಳೇಬೆಂಚು
ಕಮಿಟಿಯಲ್ಲಿ ಇರೋರು, ಇದ್ದು ಬಿಟ್ಟೋರು ಸ್ವಲ್ಪ ಹೇಳಿ. ಚರ್ಚಿಗೆ 40 ಹೊಸ ಬೆಂಚು ಬೇಕು. ಒಂದಕ್ಕೆ 14,000, ಒಟ್ಟು 5,60,000. ಎರಡು ದಾರಿ ಇವೆ. ಒಂದು, ಬೆಂಚಿಗೊಬ್ಬ ದಾನಿ, ಒರಗೋ ಹಲಗೆ ಮೇಲೆ ಹಿತ್ತಾಳೆ ತಗಡು, ಅದರಲ್ಲಿ ಹೆಸರು. ಇನ್ನೊಂದು, ಹೆಸರೇ ಇಲ್ಲದೆ ಎಲ್ಲರಿಂದ ಎತ್ತೋದು. ಮೊದಲನೇದಾದ್ರೆ ಒಂದೇ ಭಾನುವಾರಕ್ಕೆ 40 ಜನ ಸಿಗ್ತಾರೆ. ಎರಡನೇದಕ್ಕೆ ಎಷ್ಟು ತಿಂಗಳೋ ಗೊತ್ತಿಲ್ಲ. ಆದ್ರೆ ದಾನ ಗುಟ್ಟಾಗಿ ಕೊಡಿ ಅನ್ನೋ ಬೈಬಲಿನ ಮತ್ತಾಯ 6ನೇ ಅಧ್ಯಾಯ ಓದಿದ ಮೇಲೆ ತಗಡು ಬಡಿಯೋಕೆ ಮನಸ್ಸು ಒಪ್ತಿಲ್ಲ. ಬಡ ಕುಟುಂಬಗಳಿಗೆ ಕೊಡೋ ಸಹಾಯನಿಧಿದೂ ಇದೇ ಕಥೆ, ಕೊಟ್ಟವರ ಹೆಸರು, ತಗೊಂಡವರ ಫೋಟೋ ಎರಡೂ ವಾಟ್ಸಾಪಿಗೆ ಬರುತ್ತೆ. ದೀನತೆ ಬಗ್ಗೆ ಪ್ರಸಂಗ ಬೇಡ, ಅದು ಪ್ರತಿ ವಾರ ಕೇಳಕ್ಕೆ ಸಿಗುತ್ತೆ. ಮಾಡೋ ವಿಧಾನ ಹೇಳಿ.

ಟ್ಯೂಬ್‌ಲೈಟ್
ಟ್ಯೂಬ್‌ಲೈಟಿನ ಮೇಲೆ ದಾನಿ ಹೆಸರು ಬರೆಸಿ ಬರೆಸಿ ಬೆಳಕೇ ಕಮ್ಮಿ ಆಗ್ತಿತ್ತು. ಫ್ಯಾನಿನ ರೆಕ್ಕೆ ಮೇಲೆ ಬರೆಸಿದವರಿಗೆ ಇನ್ನೂ ಕಷ್ಟ, ಸೆಕೆ ಬಂದಾಗ ಓದೋಕಾಗಲ್ಲ.

ಕರಾವಳಿ ಗುರಿಕಾರ
ಮತ್ತಾಯ 6 ಓದುವವರು 5:16 ಕೂಡ ಓದಬೇಕಲ್ಲ ಮಾರಾಯ್ರೆ. ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ, ಒಳ್ಳೇ ಕೆಲಸ ಅವರು ನೋಡಲಿ ಅಂತ ಅಲ್ಲಿಯೇ ಉಂಟು. ಒಂದೇ ಬೆಟ್ಟದ ಮೇಲಿನ ಬೋಧನೆ. ಒಬ್ಬರ ಹೆಸರು ನೋಡಿ ಹತ್ತು ಜನ ಕೊಡುತ್ತಾರೆ ಅಂತಾದರೆ ಅದರಲ್ಲಿ ತಪ್ಪೇನು?

ಮೂಲಪಾಠ
ಗುರಿಕಾರರೇ, ವಾಕ್ಯವನ್ನ ಅರ್ಧಕ್ಕೇ ನಿಲ್ಲಿಸಿದಿರಿ. ನೋಡಿದವರು ಪರಲೋಕದ ತಂದೆಯನ್ನ ಕೊಂಡಾಡಲಿ ಅಂತ ಮುಂದೆ ಇದೆ. ತಗಡು ಓದಿದವನು ಕೊಂಡಾಡೋದು ಯಾರನ್ನ?

ಧರ್ಮಕೊಡುವಾಗ ತುತೂರಿ ಊದಿಸಬೇಡ ಅಂತ 6:2ರಲ್ಲಿ ಬರೋದರ ಬಗ್ಗೆ ಒಂದು ಮಾತು. ಧರ್ಮಕೊಡುವಾಗ ನಿಜವಾಗಲೂ ತುತೂರಿ ಊದ್ತಿದ್ರು ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಆದ್ರೆ ಯೆರೂಸಲೇಮಿನ ದೇವಾಲಯದಲ್ಲಿ 13 ಕಾಣಿಕೆ ಪೆಟ್ಟಿಗೆ ಇದ್ವು, ಅವನ್ನ ಕೊಂಬುಗಳು ಅಂತಲೇ ಕರೀತಿದ್ರು ಅಂತ ಯೆಹೂದ್ಯರ ಹಳೇ ನಿಯಮಗಳ ಸಂಗ್ರಹ ಮಿಶ್ನಾದಲ್ಲಿ, ಶೆಕಾಲಿಮ್ ಭಾಗದಲ್ಲಿ ಇದೆ. ಬಾಯಿ ಕಿರಿದು, ಬುಡ ಅಗಲ. ಕೈ ಹಾಕಿ ತೆಗೆಯೋಕಾಗಬಾರದು ಅಂತ ಹಂಗೆ ಮಾಡಿದ್ರು ಅಂತಾರೆ ವ್ಯಾಖ್ಯಾನಕಾರರು. ಅದರೊಳಗೆ ನಾಣ್ಯ ಖಣಖಣ ಅನ್ನೋ ಹಾಗೆ ಎಸೆಯೋದನ್ನೇ ಯೇಸು ತುತೂರಿ ಅಂದಿರಬಹುದು ಅಂತ ಕೆಲವರ ಊಹೆ.

ಅದಕ್ಕಿಂತ ಮುಖ್ಯವಾದದ್ದು, ಅದೇ ಶೆಕಾಲಿಮ್‌ನಲ್ಲಿ "ಗುಟ್ಟಿನ ಕೋಣೆ" ಅಂತ ಒಂದರ ಉಲ್ಲೇಖ ಇದೆ. ಭಕ್ತರು ಗುಟ್ಟಾಗಿ ಹೋಗಿ ಇಟ್ಟು ಬರೋರು. ಒಳ್ಳೇ ಮನೆತನದಲ್ಲಿ ಹುಟ್ಟಿ ಬಡವರಾದವರು ಗುಟ್ಟಾಗಿ ಹೋಗಿ ತಗೊಂಡು ಬರೋರು. ಕೊಟ್ಟವರು ಯಾರಂತ ತಗೊಂಡವರಿಗೆ ಗೊತ್ತಿಲ್ಲ, ತಗೊಂಡವರು ಯಾರಂತ ಕೊಟ್ಟವರಿಗೂ ಗೊತ್ತಿಲ್ಲ. ನೀವು ಕೇಳ್ತಿರೋ ವಿಧಾನ ಯೇಸುವಿನ ಕಾಲಕ್ಕೇ ಕಟ್ಟಡದೊಳಗೆ ಒಂದು ಕೋಣೆಯಾಗಿತ್ತು.

ಟ್ಯೂಬ್‌ಲೈಟ್
ಖಣಖಣ ಈಗ ಸೌಂಡ್ ಬಾಕ್ಸಿಗೆ ಬಂದಿದೆ ಗುರು. ಬಾಗಿಲ ಹತ್ರ ಕ್ಯೂಆರ್ ಕೋಡು, ಪಕ್ಕದಲ್ಲಿ ಡಬ್ಬಿ. "ಐನೂರು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಅದು ಕೂಗಿದ ಮೇಲೆ ಹಿಂದೆ ನಿಂತವನು ಹತ್ತು ರೂಪಾಯಿ ಹಾಕ್ತಾನಾ? ಏನೂ ಹಾಕದೆ ಸುಮ್ಮನೆ ಒಳಗೆ ಹೋಗ್ತಾನೆ.

ಪೇಡಾನಗರ
ಹೆಸರು ಹಾಕಿದ್ದೆಲ್ಲಾ ಅಹಂಕಾರ ಅನ್ನಬ್ಯಾಡ್ರಿ. ನಮ್ಮ ನಾಡಿನ ದಾನಶಾಸನ ನೋಡ್ರಿ. ಯಾರು ಕೊಟ್ರು, ಎಷ್ಟು ಮತ್ತರು ಭೂಮಿ, ಗಡಿ ಎಲ್ಲಿಂದ ಎಲ್ಲಿತನ, ಎಲ್ಲಾ ಕಲ್ಲಿನ ಮ್ಯಾಲ ಕೊರದಾರ. ಕಡೀಕ ಶಾಪ ಬ್ಯಾರೆ, ಈ ದಾನ ಕಸಗೊಂಡಾವ ಅರವತ್ತು ಸಾವಿರ ವರ್ಷ ಹೇಲಾಗಿನ ಹುಳಾ ಆಗ್ತಾನ ಅಂತ. ಅದು ಜಂಬ ಅಲ್ರಿ, ಕಾಗದಪತ್ರ. ಆಸ್ತಿ ಯಾರೂ ನುಂಗಬಾರದು ಅಂತ ಮಾಡಿದ್ದು. ಚರ್ಚಿನ ಜಾಗದ ವ್ಯಾಜ್ಯ ಕೋರ್ಟಿನಾಗ ಕುಂತಾಗ ಹಳೇ ಕಲ್ಲಿನ ಬರಹ ಎಷ್ಟು ಉಪಯೋಗಕ್ಕ ಬರ್ತದ ಅನ್ನೋದು ವಕೀಲರಿಗೆ ಕೇಳ್ರಿ.

ರಶೀದಿಪುಸ್ತಕ
ಪೇಡಾನಗರದವರು ಹೇಳಿದ್ದು ಜಮೀನಿಗೆ ಸರಿ. ಬೆಂಚಿಗೆ ಯಾರೂ ಕೋರ್ಟಿಗೆ ಹೋಗಲ್ಲ. ತಗಡು ಹಾಕಿದ ಮೇಲೆ ಏನಾಗುತ್ತೆ ಅನ್ನೋದು ಕೇಳಿ.

ಮೊದಲನೇದು, ಬೆಂಚಿಗೆ ಒಡೆಯ ಹುಟ್ಟಿಕೊಳ್ತಾನೆ. ಹೊಸಬರು ಬಂದು ಕೂತರೆ "ಅದು ನಮ್ಮ ಅಪ್ಪನ ಬೆಂಚು" ಅನ್ನೋ ನೋಟ. ಬಾಯಿಬಿಟ್ಟು ಹೇಳೋರೂ ಇದ್ದಾರೆ. ಎರಡನೇದು, ಯಾರ ಬೆಂಚು ಮುಂದೆ, ಯಾರದ್ದು ಕಂಬದ ಹಿಂದೆ ಅನ್ನೋ ಜಗಳ. 40 ಜನರಲ್ಲಿ 40 ಜನವೂ ಮೊದಲ ಐದು ಸಾಲು ಕೇಳ್ತಾರೆ. ಮೂರನೇದು, ಕಾಗುಣಿತ. ತಗಡಿನ ಮೇಲೆ ಒಂದು ಒತ್ತಕ್ಷರ ತಪ್ಪಿದರೆ ಅದು ಮೂರು ತಲೆಮಾರಿನ ಮುನಿಸು. ನಾಲ್ಕನೇದು ಹದಿನೈದು ವರ್ಷದ ನಂತರ ಬರುತ್ತೆ. ಬೆಂಚಿನ ಕಾಲು ಗೆದ್ದಲು ಹಿಡಿದಿರುತ್ತೆ, ಎಸೆಯೋಕೆ ಆಗಲ್ಲ, ಯಾಕಂದ್ರೆ ಸತ್ತವರ ಹೆಸರಿದೆ. ವೆಸ್ಟ್ರಿಯ (ಪಾದ್ರಿಗಳ ಕೋಣೆಯ) ಹಿಂದೆ ಮುರಿದ ಬೆಂಚುಗಳು ರಾಶಿ ಬಿದ್ದಿರೋದಕ್ಕೆ ಎಷ್ಟೋ ಕಡೆ ಇದೇ ಕಾರಣ.

ಮೂಲಪಾಠ
ಅದು ಹೊಸ ರೋಗ ಅಲ್ಲ ಸರ್. 19ನೇ ಶತಮಾನದ ಇಂಗ್ಲೆಂಡ್, ಸ್ಕಾಟ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ಬೆಂಚಿಗೆ ಬಾಡಿಗೆ ಇತ್ತು. ದುಡ್ಡು ಕಟ್ಟಿದ ಮನೆತನಕ್ಕೆ ಬಾಗಿಲಿರೋ ಖಾಸಗಿ ಬೆಂಚು, ಕಟ್ಟಲಾಗದವರಿಗೆ ಅಂಚಿನಲ್ಲೋ ಹಿಂದೆಯೋ "ಉಚಿತ" ಅಂತ ಬರೆದ ಜಾಗ. ಆ ಒಂದು ಪದ ಬಡವರನ್ನ ಇಡೀ ಸಭೆಗೆ ತೋರಿಸಿಕೊಡ್ತಿತ್ತು. ಯಾಕೋಬ 2:2-3ರಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೇ ಪೀಠ, ಕೊಳಕು ಬಟ್ಟೆಯವನಿಗೆ "ಅಲ್ಲಿ ನಿಂತುಕೋ" ಅನ್ನೋದನ್ನ ಬೈದದ್ದು ಇದಕ್ಕೇ.

ಕರಾವಳಿ ಗುರಿಕಾರ
ಬೈಬಲಿನಲ್ಲಿ ದಾನಿಗಳ ಹೆಸರೇ ಇಲ್ವಾ ಹಾಗಾದರೆ? ಹೊಲ ಮಾರಿ ದುಡ್ಡು ತಂದಿಟ್ಟವ ಬಾರ್ನಬ ಅಂತ ಅಪೊಸ್ತಲರ ಕೃತ್ಯಗಳಲ್ಲಿ ಹೆಸರು ಹಿಡಿದೇ ಬರೆದಿದ್ದಾರೆ. ಯೇಸುವಿನ ಖರ್ಚು ನೋಡಿಕೊಂಡ ಯೋಹಾನಳು, ಸುಸನ್ನಳು ಲೂಕ 8:3ರಲ್ಲಿ ಇದ್ದಾರೆ.

ಮೂಲಪಾಠ
ಇದ್ದಾರೆ. ಬಾರ್ನಬನ ಹೆಸರು 4ನೇ ಅಧ್ಯಾಯದ ಕೊನೇಲಿ ಬರುತ್ತೆ. 5ನೇ ಅಧ್ಯಾಯ ಶುರುವಾಗೋದೇ ಅನನೀಯ ಸಪ್ಫೈರರಿಂದ. ಬಾರ್ನಬನ ಹಾಗೆ ಕಾಣಿಸ್ಕೋಬೇಕು ಅಂತ ಆಸ್ತಿ ಮಾರಿದ ದುಡ್ಡಲ್ಲಿ ಒಂದಷ್ಟು ಇಟ್ಟುಕೊಂಡು ಪೂರ್ತಿ ಅಂದವರು. ಆ ಪುಸ್ತಕ ಬರೆದ ಲೂಕ ಎರಡನ್ನೂ ಪಕ್ಕಪಕ್ಕ ಇಟ್ಟದ್ದು ಸುಮ್ಮನೆ ಅಲ್ಲ.

ಹೆಸರಿನ ವಿಷಯಕ್ಕೆ ನನಗೆ ಸರಿ ಅನ್ಸೋದು ಲೂಕ 7ರ ಶತಾಧಿಪತಿ, ಅಂದ್ರೆ ಸೈನ್ಯದ ಅಧಿಕಾರಿ. ಕಪೆರ್ನೌಮಿನಲ್ಲಿ ಸಭಾಮಂದಿರ ಕಟ್ಟಿಸಿಕೊಟ್ಟವನು. ಅದನ್ನ ಯೇಸುವಿಗೆ ಹೇಳೋದು ಊರಿನ ಹಿರಿಯರು, "ಇವನು ಯೋಗ್ಯ" ಅಂತ. ಅವನು ಹೇಳಿ ಕಳಿಸೋದು ಬೇರೆ, "ನೀನು ನನ್ನ ಮನೆಗೆ ಬರೋಷ್ಟು ನಾನು ಯೋಗ್ಯನಲ್ಲ" ಅಂತ. ಕಟ್ಟಿಸಿದ್ದರ ಸುದ್ದಿಯೇ ಅವನು ಎತ್ತಲ್ಲ.

ಇನ್ನೊಂದು ಸ್ವಾರಸ್ಯ. ಪೌಲ ರೋಮಾಪುರದವರಿಗೆ ಬರೆದ ಪತ್ರದ 16:23ರಲ್ಲಿ ಪಟ್ಟಣದ ಖಜಾಂಚಿ ಎರಸ್ತ ಅಂತ ಬರುತ್ತೆ. 1929ರಲ್ಲಿ ಕೊರಿಂಥದ ಅಗೆತದಲ್ಲಿ ಒಂದು ಕಲ್ಲುಹಾಸು ಸಿಕ್ಕಿತು, ಎರಸ್ತ ಅನ್ನೋನು ಅಧಿಕಾರ ಸಿಕ್ಕಿದ್ದಕ್ಕೆ ಸ್ವಂತ ಖರ್ಚಿನಲ್ಲಿ ಹಾಸಿಸಿದ್ದು ಅಂತ ಲ್ಯಾಟಿನ್‌ನಲ್ಲಿ ಕೊರೆದಿದೆ. ಇಬ್ಬರೂ ಒಬ್ಬನೇನಾ ಅನ್ನೋದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ.

ಟ್ಯೂಬ್‌ಲೈಟ್
ಒಬ್ಬನೇ ಆಗಿದ್ರೆ ಪೌಲ ಆ ಕಲ್ಲಿನ ಮೇಲೆ ಕಾಲಿಟ್ಟು ನಡೆದಿರ್ತಾನೆ 😄

ಹಳೇಬೆಂಚು
ಚೆನ್ನಾಗಿದೆ, ಆದ್ರೆ ನನ್ನ 5,60,000?

ರಶೀದಿಪುಸ್ತಕ
ಬಂದೆ. 40 ಬೆಂಚು ಒಟ್ಟಿಗೆ ಮಾಡಿಸಬೇಡಿ. ಹತ್ತು ಹತ್ತು ಮಾಡಿಸಿ. ಒಂದು ಕಂತಿಗೆ 1,40,000. 120 ಮನೆಯ ಸಭೆ ಅಂದ್ಕೊಳ್ಳಿ, ಮನೆಗೆ ತಿಂಗಳಿಗೆ ಸರಾಸರಿ 600 ಬಂದರೆ 72,000, ಎರಡು ತಿಂಗಳಿಗೆ ಒಂದು ಕಂತು ಮುಗೀತು, ಎಂಟು ತಿಂಗಳಿಗೆ ನಲವತ್ತೂ. ಆದ್ರೆ ಆ 600 ನಿಮ್ಮ ಲೆಕ್ಕಕ್ಕೆ ಮಾತ್ರ. ವೇದಿಕೆಯಿಂದ "ಮನೆಗೆ 600" ಅಂತ ಹೇಳಿದ ಕ್ಷಣ ಕೂಲಿ ಮನೆಯವರು ಮುಂದಿನ ವಾರ ಬರಲ್ಲ. ಬೋರ್ಡಿನ ಮೇಲೆ ಎರಡೇ ಅಂಕಿ ಬರೀರಿ, ಬೇಕಾದದ್ದು ಎಷ್ಟು, ಬಂದದ್ದು ಎಷ್ಟು. ಮೊದಲ ಹತ್ತು ಬೆಂಚು ಬಂದಾಗ ಹಿಂದಿನ ಸಾಲಿಗೆ ಹಾಕಿ, ಮುಂದೆ ಅಲ್ಲ. ತಡವಾಗಿ ಬರೋರು, ಕೈಗೂಸಿನ ತಾಯಂದಿರು, ಹೊಸಬರು ಅಲ್ಲೇ ಕೂರೋದು.

ಇನ್ನು ಎತ್ತೋ ವಿಧಾನ. ತಟ್ಟೆ ಬಿಡಿ, ಚೀಲ ಹಿಡಿಯಿರಿ. ಮರದ ಹಿಡಿಯ ಮಖಮಲ್ ಚೀಲ ಇರುತ್ತಲ್ಲ, ಅದೇ. ತಟ್ಟೆಯಲ್ಲಿ ಮೇಲೆ ಬಿದ್ದ 500ರ ನೋಟು ಕೆಳಗಿನ ಹತ್ತನ್ನ ನಾಚಿಸುತ್ತೆ. ಕೆಲವು ಕಡೆ ಶುರುವಿಗೇ ಒಂದು 500 ಇಟ್ಟು ತಟ್ಟೆ ಕಳಿಸ್ತಾರೆ, ಅದು ಬಸ್ ಸ್ಟ್ಯಾಂಡಿನ ಉಪಾಯ. ಚೀಲಕ್ಕೆ ಮುಚ್ಚಿದ ಮುಷ್ಟಿ ಹೋಗುತ್ತೆ, ಬಿಚ್ಚಿದ ಕೈ ಬರುತ್ತೆ. ಖಾಲಿ ಮುಷ್ಟಿಯೂ ಹಾಗೇ ಹೋಗಿ ಬರಬಹುದು, ಪಕ್ಕದವರಿಗೂ ಗೊತ್ತಾಗಲ್ಲ. ಚೀಲದ ಆಳ ಒಂದು ಗೇಣಿಗಿಂತ ಕಮ್ಮಿ ಇದ್ದರೆ ಮಾತ್ರ ಪ್ರಯೋಜನ ಇಲ್ಲ, ಒಳಗೆ ಕಾಣುತ್ತೆ.

ಪೇಡಾನಗರ
ಚೀಲದಾಗ ಹಾಕಿದ್ದು ಖರೇನ ಬೆಂಚಿಗೆ ಹೋತು ಅಂತ ಹೆಂಗ ನಂಬೂದ್ರಿ? ಗುಪ್ತ ಗುಪ್ತ ಅಂತ ಹೇಳಿ ಗುಳುಂ ಮಾಡಿದವ್ರು ಕಮ್ಮಿ ಇಲ್ಲ.

ರಶೀದಿಪುಸ್ತಕ
ಒಳ್ಳೇ ಪ್ರಶ್ನೆ. ಕೊಡೋದು ಗುಟ್ಟು, ಎಣಿಸೋದು ಬಯಲು. ಇವೆರಡನ್ನ ಕಲಸಿದ್ದಕ್ಕೇ ಎಲ್ಲಾ ಗೊಂದಲ.

ಆರಾಧನೆ ಮುಗಿದ ತಕ್ಷಣ ಅಲ್ಲೇ ಎಣಿಸಬೇಕು, ಮನೆಗೆ ಒಯ್ಯಬಾರದು. ಎಣಿಸೋರು ಇಬ್ಬರು, ಒಂದೇ ಮನೆಯವರಾಗಿರಬಾರದು, ಖಜಾಂಚಿ ಅವರಲ್ಲಿ ಒಬ್ಬನಾಗಿರಬಾರದು. ಮೂರನೆಯವರು ಬರೆಯೋರು. ಹಾಳೆಯಲ್ಲಿ 500, 200, 100, 50, 20, 10, ಚಿಲ್ಲರೆ ಅಂತ ಸಾಲು ಹಾಕಿ ಎಷ್ಟು ನೋಟು ಅಂತ ಬರೀಬೇಕು. ಬರೀ ಮೊತ್ತ ಬರೆದ್ರೆ ಸಾಲದು, ಯಾಕಂದ್ರೆ ಬ್ಯಾಂಕಿನ ಚಲನ್‌ನಲ್ಲಿ ಇದೇ ನೋಟುಗಳು ಇದೇ ಸಂಖ್ಯೆಯಲ್ಲಿ ಕಾಣಬೇಕು. ನಡುವೆ ಯಾರಾದರೂ "ಸೋಮವಾರ ತುಂಬ್ತೀನಿ" ಅಂತ ಕೈಗಡ ತೆಗೆದರೆ ಅಲ್ಲಿ ಸಿಕ್ಕಿಬೀಳ್ತಾರೆ. ಮೂರು ಸಹಿ, ಎರಡು ಪ್ರತಿ. ಮಾರನೇ ಕೆಲಸದ ದಿನ ಬ್ಯಾಂಕಿಗೆ. ಎಣಿಸೋ ಜೋಡಿ ಪ್ರತಿ ತಿಂಗಳು ಬದಲಾಗಬೇಕು.

ಮೂಲಪಾಠ
2 ಕೊರಿಂಥ 8:20-21. ಯೆರೂಸಲೇಮಿನ ಬಡವರಿಗೆ ಎತ್ತಿದ ಹಣ ಒಯ್ಯೋಕೆ ಪೌಲ ತಾನೊಬ್ಬನೇ ಹೋಗಲ್ಲ. ಸಭೆಗಳು ಆರಿಸಿದ ಇನ್ನೊಬ್ಬರನ್ನ ಜೊತೆಗೆ ಹಾಕ್ತಾನೆ, ಯಾರೂ ಬೊಟ್ಟು ಮಾಡಬಾರದು ಅಂತ.

ಕಾಫಿಕಣ
ಕಥೋಲಿಕ ಧರ್ಮಕೇಂದ್ರಗಳಿಗೆ (ಪ್ಯಾರಿಷ್‌ಗಳಿಗೆ) ಇದು ಬರೀ ಒಳ್ಳೇ ಅಭ್ಯಾಸ ಅಲ್ಲ, ನಿಯಮ. 1983ರ ಧರ್ಮಸಭಾ ಕಾನೂನಿನಲ್ಲಿ 537ನೇ ವಿಧಿ, ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಲೇಬೇಕು. 1267ರ ಮೂರನೇ ಕಲಮು, ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಖರ್ಚು ಮಾಡಬೇಕು. ಬೆಂಚಿನ ದುಡ್ಡಲ್ಲಿ ಪೆಂಡಾಲ್ ಹಾಕಿಸೋ ಹಾಗಿಲ್ಲ. 1287ರ ಎರಡನೇ ಕಲಮು, ಭಕ್ತರು ಕೊಟ್ಟದ್ದರ ಲೆಕ್ಕ ಭಕ್ತರಿಗೆ ಒಪ್ಪಿಸಬೇಕು. ಲೆಕ್ಕ ಕೇಳೋದು ಉದ್ಧಟತನ ಅನ್ನೋರಿಗೆ ಇದನ್ನ ತೋರಿಸಿ.

ಕರಾವಳಿ ಗುರಿಕಾರ
ದೊಡ್ಡ ಮೊತ್ತ ಕೊಡುವವರು ಹೆಸರಿಲ್ಲದೆ ಹೇಗೆ ಕೊಡುವುದು? ತೆರಿಗೆಯವರು ಬಿಡ್ತಾರಾ?

ರಶೀದಿಪುಸ್ತಕ
ಇಲ್ಲಿ ಬಹಳ ಜನ ಎಡವೋದು. ಜನರಿಗೆ ಗೊತ್ತಾಗದಿರೋದು ಬೇರೆ, ಪುಸ್ತಕದಲ್ಲಿ ಇಲ್ಲದಿರೋದು ಬೇರೆ. 1961ರ ಆದಾಯ ತೆರಿಗೆ ಕಾಯಿದೆಯ 115ಬಿಬಿಸಿಯಲ್ಲಿ ಅನಾಮಧೇಯ ದೇಣಿಗೆ ಅಂದ್ರೆ ಕೊಟ್ಟವರ ಹೆಸರು ವಿಳಾಸದ ದಾಖಲೆ ಸಂಸ್ಥೆಯ ಹತ್ತಿರ ಇಲ್ಲದ್ದು ಅಂತ ಅರ್ಥ. ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ, ಯಾವುದು ಹೆಚ್ಚೋ ಅದನ್ನ ಮೀರಿದ ಭಾಗಕ್ಕೆ ಶೇ. 30 ತೆರಿಗೆ. ಪೂರ್ತಿ ಧಾರ್ಮಿಕ ಉದ್ದೇಶದ ಟ್ರಸ್ಟಿಗೆ ಇದು ಹತ್ತಲ್ಲ, ಅದಕ್ಕೇ ಕಾಣಿಕೆ ಡಬ್ಬಿ ಬದುಕಿರೋದು. ಆದ್ರೆ ಅದೇ ಟ್ರಸ್ಟ್ ಶಾಲೆ, ಆಸ್ಪತ್ರೆ ನಡೆಸ್ತಿದ್ದು, ಅವಕ್ಕೇ ಅಂತ ಹೇಳಿ ಕೊಟ್ಟ ಹೆಸರಿಲ್ಲದ ದುಡ್ಡಿಗೆ ಹತ್ತುತ್ತೆ. 2025ರ ಹೊಸ ಕಾಯಿದೆಯಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ, ಆಡಿಟರ್‌ಗೆ ಹಳೇ ನಂಬರು ಹೇಳಿದ್ರೂ ಅರ್ಥ ಆಗುತ್ತೆ.

ಹಾಗಾಗಿ ದೊಡ್ಡ ಮೊತ್ತಕ್ಕೆ ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ, ರಶೀದಿ ಅವರ ಹೆಸರಿಗೇ. ಒಬ್ಬರಿಂದ ಒಂದೇ ದಿನ ನಗದು 2 ಲಕ್ಷ ಅಥವಾ ಮೇಲೆ ತಗೊಳ್ಳೋ ಹಾಗೇ ಇಲ್ಲ. ರಿಜಿಸ್ಟರ್ ನೋಡೋದು ಖಜಾಂಚಿ, ಆಡಿಟರ್ ಇಬ್ಬರೇ. ವಾರ್ಷಿಕ ವರದಿಗೆ ಹೋಗೋದು ಬರೀ ಸಂಖ್ಯೆ. ತಿಂಗಳ ಕವರ್ ಪದ್ಧತಿ ಇದ್ದರೆ ಕವರ್ ಮೇಲೆ ಹೆಸರಿನ ಬದಲು 1ರಿಂದ 120ರವರೆಗೆ ನಂಬರು ಹಾಕಿ, ಯಾರಿಗೆ ಯಾವ ನಂಬರು ಅನ್ನೋದು ಒಂದೇ ಪುಸ್ತಕದಲ್ಲಿ ಇರಲಿ. ನಂಬರನ್ನ ಮನೆ ಕ್ರಮದಲ್ಲಿ ಕೊಡಬೇಡಿ. 1 ನಂಬರು ಯಾರದ್ದು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ.

ಟ್ಯೂಬ್‌ಲೈಟ್
1 ನಂಬರಿಗೇ ಹರಾಜು ಆಗುತ್ತೆ ಆಮೇಲೆ.

ಕಾಫಿಕಣ
ಹರಾಜು ಅಂದಿರಿ, ಅದನ್ನೂ ಮಾತಾಡೋಣ. ಬೆಳೆ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿ ಏಲಂ ಹಾಕೋದು ಖುಷಿಯ ವಿಷಯ, ಅದನ್ನ ನಿಲ್ಲಿಸಿ ಅಂತಿಲ್ಲ. ಆದ್ರೆ ಇಬ್ಬರು ಹಟಕ್ಕೆ ಬಿದ್ದು ಕುಂಬಳಕಾಯಿಯನ್ನ ಐದು ಸಾವಿರಕ್ಕೆ ಒಯ್ಯುವಾಗ, ಎರಡು ಸೇರು ರಾಗಿ ಮಡಿಲಲ್ಲಿ ಕಟ್ಟಿಕೊಂಡು ಬಂದ ಅಜ್ಜಿ ಹಿಂದೆ ನಿಂತಿರ್ತಾಳೆ. ಅವಳ ರಾಗಿಯನ್ನ ಕೂಗೋದೇ ಇಲ್ಲ, ಕೊನೇಲಿ "ಚಿಲ್ಲರೆ ಸಾಮಾನು" ಅಂತ ಒಟ್ಟು ಸೇರಿಸಿಬಿಡ್ತಾರೆ.

ಸುಲಭದ ತಿದ್ದುಪಡಿ ಇದೆ. ತಂದವರ ಹೆಸರು ಕೂಗಬೇಡಿ, ವಸ್ತುವಿನ ಹೆಸರು ಮಾತ್ರ ಕೂಗಿ. ಸಣ್ಣದರಿಂದ ಶುರು ಮಾಡಿ, ಜನ ತುಂಬಿರುವಾಗಲೇ ರಾಗಿ, ನಿಂಬೆಹಣ್ಣು, ಮೊಟ್ಟೆ ಹೋಗಲಿ. ದೊಡ್ಡ ವಸ್ತುಗಳಿಗೆ ಚೀಟಿ ಏಲಂ, ಮೊತ್ತ ಬರೆದು ಡಬ್ಬಿಗೆ ಹಾಕಿ, ಹೆಚ್ಚಿನದು ತೆರೆದಾಗ ಚೀಟಿಯ ನಂಬರು ಮಾತ್ರ ಹೇಳಿ.

ಪೇಡಾನಗರ
ಚೀಟಿ ಏಲಂದಾಗ ರೊಕ್ಕ ಕಮ್ಮಿ ಬರ್ತದ ನೋಡ್ರಿ. ಹಟ ಇದ್ರನ ರೇಟು ಏರೂದು.

ಕಾಫಿಕಣ
ಕಮ್ಮಿ ಬರುತ್ತೆ, ಒಪ್ಪಿದೆ. ಮೊದಲ ವರ್ಷ ಕಮಿಟಿ ಆ ನಷ್ಟಕ್ಕೆ ಸಿದ್ಧ ಇರಬೇಕು.

ಸಣ್ಣಕ್ಕ
ಎಲ್ಲರೂ ಕೊಡೋರ ದೀನತೆ ಬಗ್ಗೆನೇ ಮಾತಾಡ್ತಿದ್ದೀರಿ. ತಗೊಳ್ಳೋರ ಮುಖ ನೋಡಿ ಸ್ವಲ್ಪ. ಸಹಾಯನಿಧಿ ಬಗ್ಗೆ ಕೇಳಿದ್ದಾರಲ್ಲ, ಅದಕ್ಕೆ ಬರ್ತೀನಿ.

ಕಿಟ್ ಹಂಚೋದು ನಿಲ್ಲಿಸಿ, ಅಥವಾ ಸಾಮಾನು ಬದಲಾಯಿಸಿ. ರೇಷನ್ ಕಾರ್ಡಿನ ಮನೆಗೆ ಅನ್ನಭಾಗ್ಯದ ಅಕ್ಕಿ ಬರ್ತಿರುವಾಗ ಚರ್ಚಿಂದ ಮತ್ತೆ 10 ಕೆಜಿ ಅಕ್ಕಿ ಯಾಕೆ? ಅದು ಅಂಗಡಿಗೆ ಮಾರಾಟಕ್ಕೆ ಹೋಗುತ್ತೆ, ಆಮೇಲೆ "ಕೊಟ್ಟದ್ದನ್ನ ಮಾರ್ಕೊಂಡ್ರು" ಅಂತ ಬೈಗುಳ ಬೇರೆ. ಕೊರತೆ ಇರೋದು ಬೇಳೆ, ಎಣ್ಣೆ, ಸೋಪು, ಪ್ಯಾಡು, ಗ್ಯಾಸಿಗೆ. ನಾಲ್ಕು ಜನರ ಮನೆಗೆ ತಿಂಗಳಿಗೆ ತೊಗರಿಬೇಳೆ 2 ಕೆಜಿ, ಎಣ್ಣೆ 2 ಲೀಟರ್, ಸಕ್ಕರೆ 1 ಕೆಜಿ, ಟೀಪುಡಿ ಕಾಲು ಕೆಜಿ ಇದ್ದರೆ ಅಡುಗೆಮನೆ ಉಸಿರಾಡುತ್ತೆ. ಕೊಡೋ ಚೀಲದ ಮೇಲೆ ಚರ್ಚಿನ ಹೆಸರು ಅಚ್ಚು ಹಾಕಿಸಬೇಡಿ. ಆ ಚೀಲ ಹಿಡಿದು ಬೀದಿಯಲ್ಲಿ ನಡೆಯೋದು ಅಂದ್ರೆ ಬೆನ್ನಿಗೆ ಬೋರ್ಡು ಕಟ್ಟಿಕೊಂಡ ಹಾಗೆ.

ಅದಕ್ಕಿಂತ ಒಳ್ಳೇದು ಅಂಗಡಿ ಲೆಕ್ಕ. ಬೀದಿಯ ಕಿರಾಣಿ ಅಂಗಡಿಯಲ್ಲಿ ಮನೆಗೆ 1,500 ಅಂತ ಮುಂಗಡ ಕಟ್ಟಿ. ಅಂಗಡಿ ಪುಸ್ತಕದಲ್ಲಿ ಹೆಸರಿಲ್ಲ, ನಂಬರು. ಏನು ಬೇಕೋ ಅವರೇ ಆರಿಸ್ಕೊಳ್ಳಲಿ. ತಪ್ಪೋದು ಎಲ್ಲಿ ಗೊತ್ತಾ? ಅಂಗಡಿಯವನು ನಾಲ್ಕು ಜನರ ಮುಂದೆ "ಇದು ಚರ್ಚಿನ ಲೆಕ್ಕಕ್ಕಾ ಅಕ್ಕಾ?" ಅಂತ ಜೋರಾಗಿ ಕೇಳಿಬಿಡ್ತಾನೆ. ಆವತ್ತಿಂದ ಆಕೆ ಆ ಅಂಗಡಿಗೆ ಹೋಗಲ್ಲ. ಅವನಿಗೆ ಮೊದಲೇ ಹೇಳಿಡಿ, ಎಲ್ಲರ ಹಾಗೆ "ಬರ್ಕೊಳ್ಳಲಾ?" ಅಂತ ಮಾತ್ರ ಕೇಳು ಅಂತ. ಕಡ ಬರೆಸೋದು ಎಲ್ಲರೂ ಮಾಡೋ ಕೆಲಸ, ಅದರಲ್ಲಿ ಇದು ಕಲೆತುಹೋಗುತ್ತೆ.

ಶಾಲೆ ಫೀಸಾದರೆ ದುಡ್ಡು ಮಗುವಿನ ಕೈಗೆ ಬೇಡ, ವೇದಿಕೆ ಮೇಲೆ ಕವರೂ ಬೇಡ. ದಾಖಲಾತಿ ಸಂಖ್ಯೆ ತಗೊಂಡು ಶಾಲೆಯ ಖಾತೆಗೆ ಕಟ್ಟಿ, ರಶೀದಿ ಅಪ್ಪ ಅಮ್ಮನ ಹೆಸರಿಗೆ ಬರಲಿ. ಆಸ್ಪತ್ರೆ ಬಿಲ್ಲಾದರೆ ಒಳರೋಗಿ ನಂಬರು ಹೇಳಿ ಕೌಂಟರಿನಲ್ಲೇ ಕಟ್ಟಿ ಬನ್ನಿ, ವಾರ್ಡಿಗೆ ಹೋಗಿ ಹೇಳ್ಕೋಬೇಡಿ. ಮತ್ತೆ, ಸಹಾಯ ತಗೊಂಡವರನ್ನ ಮುಂದಿನ ಭಾನುವಾರ ಸಾಕ್ಷಿ ಹೇಳೋಕೆ ನಿಲ್ಲಿಸಬೇಡಿ, ದಯವಿಟ್ಟು.

ಮೂಲಪಾಠ
ಅಕ್ಕಾ ಹೇಳಿದ್ದಕ್ಕೆ ಧರ್ಮೋಪದೇಶಕಾಂಡ 24:10-11 ನೋಡಿ. ಸಾಲಕ್ಕೆ ಒತ್ತೆ ತಗೊಳ್ಳೋಕೆ ಹೋದಾಗ ಅವನ ಮನೆಯೊಳಗೆ ಹೋಗಬೇಡ, ಹೊರಗೆ ನಿಲ್ಲು, ಅವನೇ ತಂದುಕೊಡಲಿ. ಬಡವನ ಹೊಸ್ತಿಲಿಗೂ ಮರ್ಯಾದೆ ಇದೆ ಅಂತ. ರೂತಳ ಪುಸ್ತಕದಲ್ಲಿ ಹೊಲದ ಒಡೆಯ ಬೋವಜ ಬಡ ವಿಧವೆ ರೂತಳ ಬಗ್ಗೆ ಆಳುಗಳಿಗೆ ಹೇಳ್ತಾನೆ, ಸಿವುಡಿನಿಂದ ಬೇಕಂತಲೇ ಒಂದಷ್ಟು ತೆನೆ ಉದುರಿಸಿ ಬಿಡಿ, ಅವಳು ಹಕ್ಕಲು ಆಯ್ದುಕೊಳ್ಳಲಿ, ಗದರಿಸಬೇಡಿ (2:16). ರೂತಳ ಪಾಲಿಗೆ ಅದು ಅವಳು ದುಡಿದು ಆಯ್ದದ್ದು. ಸಂಜೆ ಬಡಿದು ಅಳೆದಾಗ ಸುಮಾರು ಒಂದು ಏಫ (ಆ ಕಾಲದ ಕಾಳಿನ ಅಳತೆ) ಜವೆಗೋಧಿ.

ಸಣ್ಣಕ್ಕ
ಅಂಗಡಿ ಲೆಕ್ಕವೂ ಅದೇ ಅಲ್ವಾ. ಉದುರಿಸಿ ಬಿಡೋದು.

ಕಾಫಿಕಣ
ಮನೆ ಭೇಟಿಗೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಪದ್ಧತಿ ನೋಡಿ ಕಲಿಯಬಹುದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜಾನಾಂ ಮತ್ತು ಗೆಳೆಯರು ಶುರು ಮಾಡಿದ್ದು, ಆಗ ಓಜಾನಾಂ ಅವರಿಗೆ ಬರೀ 20 ವರ್ಷ. ಭೇಟಿಗೆ ಹೋಗೋದು ಇಬ್ಬಿಬ್ಬರಾಗಿ. ಮನೆಯ ವಿಷಯ ಹೊರಗೆ ಬರಬಾರದು. ಸದಸ್ಯರ ಕೂಟದಲ್ಲಿ ಒಂದು ಚೀಲ ಸುತ್ತುತ್ತೆ, ಯಾರು ಎಷ್ಟು ಹಾಕಿದರು ಅಂತ ಯಾರಿಗೂ ತಿಳಿಯಲ್ಲ, ಅದನ್ನ ಗುಪ್ತ ಸಂಗ್ರಹ ಅಂತಲೇ ಕರೀತಾರೆ. ರಶೀದಿ ಸರ್ ಹೇಳಿದ ಚೀಲವೇ.

ಕರಾವಳಿ ಗುರಿಕಾರ
ಫೋಟೋ ಇಲ್ಲದಿದ್ದರೆ ದುಬೈ, ಕುವೈತಿನಿಂದ ಕಳಿಸುವವರು ಕೇಳುತ್ತಾರೆ, ದುಡ್ಡು ಎಲ್ಲಿ ಹೋಯಿತು ಅಂತ. ಅವರಿಗೆ ಏನು ತೋರಿಸುವುದು?

ಸಣ್ಣಕ್ಕ
ಅಂಗಡಿ ಬಿಲ್ಲು, ಶಾಲೆ ರಶೀದಿ, ಆಸ್ಪತ್ರೆ ರಶೀದಿ. ಹೆಸರಿನ ಮೇಲೆ ಕಾಗದ ಇಟ್ಟು ಜೆರಾಕ್ಸ್ ತೆಗೀರಿ. "ಈ ತಿಂಗಳು 9 ಮನೆ, 13,500" ಅಂತ ಒಂದು ಸಾಲು. ಅಳುವ ಮುಖ ಬೇಕು ಅಂತ ಕೇಳೋ ದಾನಿಗೆ ರಶೀದಿಯನ್ನೇ ಮತ್ತೆ ಕಳಿಸಿ.

ರಶೀದಿಪುಸ್ತಕ
ಕಾಗದ ಇಟ್ಟು ಜೆರಾಕ್ಸ್ ಸರಿ, ಮೂಲ ಬಿಲ್ಲು ಮಾತ್ರ ಫೈಲಿನಲ್ಲಿ ಹಾಗೇ ಇರಬೇಕು. ಆಡಿಟರ್‌ಗೆ ಅದೇ ಬೇಕು.

ಪೇಡಾನಗರ
ಒಂದು ಮಾತು ಯಾರೂ ಹೇಳಲಿಲ್ಲ. ಚಂದಾ ಬಾಕಿ ಅದ ಅಂತ ಚರ್ಚಿನ ಚುನಾವಣೆಯ ಮತದಾರರ ಪಟ್ಟಿಯಿಂದ ಹೆಸರು ತಗದು ನೋಟೀಸ್ ಬೋರ್ಡಿಗೆ ಹಚ್ಚತಾರಲ್ಲ, ಅದು ತಗಡಿನಕಿಂತ ಕೆಟ್ಟ. ಕೊಟ್ಟವರ ಹೆಸರು ಹಿತ್ತಾಳಿ ಮ್ಯಾಲ, ಕೊಡಲಾರದವರ ಹೆಸರು ಬೋರ್ಡಿನ ಮ್ಯಾಲ.

ರಶೀದಿಪುಸ್ತಕ
ಪೂರ್ತಿ ಒಪ್ಪುತ್ತೇನೆ. ಪಟ್ಟಿಯಲ್ಲಿ ಇರೋರ ಹೆಸರು ಹಚ್ಚಿ, ಇಲ್ಲದವರದ್ದಲ್ಲ. ಬಾಕಿ ಇರೋರಿಗೆ ಒಂದು ತಿಂಗಳು ಮುಂಚೆ ಕವರಿನೊಳಗೆ ಚೀಟಿ ಹೋಗಲಿ, ಕಟ್ಟಲಾಗದಿದ್ದರೆ ಸಭಾಪಾಲಕರ ಹತ್ತಿರ ಒಬ್ಬರೇ ಬಂದು ಮಾತಾಡಬಹುದು ಅಂತ ಬರೆದು.

ಕಾಫಿಕಣ
ದೀನತೆಯ ಮಾತು ಬಂದಾಗ ಪವಿತ್ರ ಗುರುವಾರದ ಪಾದ ತೊಳೆಯೋ ವಿಧಿ ನೆನಪಾಗುತ್ತೆ. ಹನ್ನೆರಡು ಜನರನ್ನ ಆರಿಸುವಾಗ ಸಮಿತಿಯ ಪದಾಧಿಕಾರಿಗಳೇ ತುಂಬಿಕೊಂಡಿರ್ತಾರೆ, ಹಿಂದಿನ ದಿನವೇ ಕಾಲು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಕೊಂಡು ಬಂದಿರ್ತಾರೆ. ವ್ಯಾಟಿಕನ್ನಿನ 2016ರ ಆದೇಶದಿಂದ ಹೆಂಗಸರನ್ನೂ ಸೇರಿಸಬಹುದು. ಚರ್ಚು ಗುಡಿಸೋರು, ಶವಪೆಟ್ಟಿಗೆ ಹೊರೋರು, ಹೊಸದಾಗಿ ವಲಸೆ ಬಂದವರನ್ನ ಕರೀರಿ. ನೀರು ಬಿಸಿ ಮಾಡಿಡಿ, ಟವೆಲ್ ಒಬ್ಬರಿಗೊಂದು. ಸೆವೆಂತ್ ಡೇ ಅಡ್ವೆಂಟಿಸ್ಟರಲ್ಲಿ ಇದು ಇನ್ನೂ ಚೆನ್ನಾಗಿದೆ, ಕರ್ತನ ಭೋಜನಕ್ಕೆ ಮುಂಚೆ ಸದಸ್ಯರೇ ಒಬ್ಬರದೊಬ್ಬರು ತೊಳೀತಾರೆ, ಬರೀ ತೊಳಿಸ್ಕೊಂಡು ಕೂರೋರು ಅಂತ ಯಾರೂ ಇಲ್ಲ.

ಟ್ಯೂಬ್‌ಲೈಟ್
ಬೆಂಚಿಂದ ಪಾದಕ್ಕೆ ಬಂದ್ವಿ. ಒಂದು ಅನುಮಾನ. ವೇದಿಕೆಯಿಂದ "ಹೆಸರು ಹೇಳಲಿಚ್ಛಿಸದ ಸಹೋದರರೊಬ್ಬರು ಐವತ್ತು ಸಾವಿರ ಕೊಟ್ಟಿದ್ದಾರೆ" ಅಂತ ಹೇಳಿದಾಗ ಇಡೀ ಸಭೆ ಒಬ್ಬರ ಕಡೆಗೇ ತಿರುಗುತ್ತಲ್ಲ, ಅದು ಗುಪ್ತಾನಾ?

ಸಣ್ಣಕ್ಕ
ಅದು ತುತೂರಿಗೆ ಬಟ್ಟೆ ಸುತ್ತಿ ಊದಿದ್ದು. ಹೆಸರೂ ಬೇಡ, ಮೊತ್ತವೂ ಬೇಡ, "ಒಬ್ಬರು" ಅನ್ನೋದೂ ಬೇಡ. ಬೋರ್ಡಿನ ಅಂಕಿ ಬದಲಾದರೆ ಸಾಕು.

ಹಳೇಬೆಂಚು
ಎಲ್ಲರಿಗೂ ಧನ್ಯವಾದ. ಕಮಿಟಿಗೆ ಇಡೋಕೆ ಬರ್ಕೊಂಡದ್ದು ಇಷ್ಟು. ಬೆಂಚಿಗೆ ತಗಡಿಲ್ಲ. ಹತ್ತರ ಕಂತು, ಮೊದಲ ಕಂತು ಹಿಂದಿನ ಸಾಲಿಗೆ. ತಟ್ಟೆ ಹೋಗಿ ಚೀಲ. ಎಣಿಕೆ ಹಾಳೆ ಮೂರು ಸಹಿಯದ್ದು. ಸಹಾಯನಿಧಿಗೆ ಎರಡು ಅಂಗಡಿ ಗೊತ್ತು ಮಾಡೋದು, ಫೋಟೋ ಬಂದ್. ಗುರಿಕಾರ ಸರ್, ಬಾಗಿಲ ಹತ್ತಿರ ಒಂದು ಸಣ್ಣ ಕಲ್ಲು ಹಾಕೋಣ ಅಂತಿದ್ದೀನಿ, ಅದರಲ್ಲಿ ಇಸವಿ ಮತ್ತೆ "ಸಭೆಯವರು ಮಾಡಿಸಿದ್ದು" ಅಂತ ಮಾತ್ರ. ನಡೀತದಾ?

ಕರಾವಳಿ ಗುರಿಕಾರ
ಅದಕ್ಕೆ ನನ್ನ ತಕರಾರಿಲ್ಲ. ಪೇಡಾನಗರದವರ ಶಾಪ ಮಾತ್ರ ಕೊರೆಸಬೇಡಿ.

ಪೇಡಾನಗರ
ಹುಳದ್ದು ಬಿಡ್ರಿ, ಇಸವಿ ಸಾಕು. ಆದ್ರ ಆ ಸೌಂಡ್ ಬಾಕ್ಸಿಂದು ಏನ್ ಮಾಡ್ತೀರಿ?

ರಶೀದಿಪುಸ್ತಕ
ವಾಲ್ಯೂಮ್ ಕಮ್ಮಿ ಮಾಡೋ ಗುಂಡಿ ಇರುತ್ತೆ. ಇಲ್ಲ ಅಂದ್ರೆ ವೆಸ್ಟ್ರಿಯೊಳಗೆ ಇಟ್ಟು ಬಾಗಿಲು ಹಾಕಿ, ಕ್ಯೂಆರ್ ಹಾಳೆ ಮಾತ್ರ ಹೊರಗಿರಲಿ.